ಲಿಯಾಂಡ್ರಾ ಕಾನೂನು: ಶಿಕ್ಷೆ ಬಿಗಿಯಾಯಿತು, ಯಂತ್ರ ಎಷ್ಟು ಕಾರಿಗೆ ಬಂತು?

2009ರ ಅಕ್ಟೋಬರ್ 11, ಭಾನುವಾರ. ಮಧ್ಯರಾತ್ರಿ ದಾಟಿತ್ತು. ನ್ಯೂಯಾರ್ಕ್ ನಗರದ ಮ್ಯಾನ್‌ಹ್ಯಾಟನ್‌ನಲ್ಲಿ ಹಡ್ಸನ್ ನದಿಯ ಪಕ್ಕದಲ್ಲೇ ಸಾಗುವ ಹೆನ್ರಿ ಹಡ್ಸನ್ ಪಾರ್ಕ್‌ವೇ ಮೇಲೆ ಒಂದು ಸ್ಟೇಷನ್ ವ್ಯಾಗನ್ ಪಲ್ಟಿ ಹೊಡೆಯಿತು. ಒಳಗೆ ಏಳು ಹುಡುಗಿಯರಿದ್ದರು. ಒಬ್ಬ ಗೆಳತಿಯ ಮನೆಯಲ್ಲಿ ಎಲ್ಲರೂ ಒಟ್ಟಿಗೆ ರಾತ್ರಿ ಕಳೆಯಬೇಕೆಂದು ಬ್ರಾಂಕ್ಸ್ ಕಡೆ ಹೊರಟಿದ್ದರು. ಕಾರು ಓಡಿಸುತ್ತಿದ್ದವರು ಆ ಹುಡುಗಿಯರಲ್ಲೇ ಒಬ್ಬಳ ತಾಯಿ. ಪರೀಕ್ಷೆಯಲ್ಲಿ ಅವರ ರಕ್ತದಲ್ಲಿ ಶೇ. 0.13ರಷ್ಟು ಮದ್ಯದ ಅಂಶ ಸಿಕ್ಕಿತು. ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 130 ಮಿಲಿಗ್ರಾಂ. ನ್ಯೂಯಾರ್ಕ್ ರಾಜ್ಯದ ಮಿತಿ 80. ನಮ್ಮ ದೇಶದ ಮಿತಿ 30.

ಆ ರಾತ್ರಿ ಸತ್ತುಹೋದವಳು ಲಿಯಾಂಡ್ರಾ ರೊಸಾಡೊ. ವಯಸ್ಸು 11. ಉಳಿದ ಹುಡುಗಿಯರಿಗೂ ಪೆಟ್ಟಾಯಿತು.

ಬದುಕುಳಿದ ಮಕ್ಕಳು ಹೇಳಿದ ಒಂದು ಮಾತು ಆಗಿನ ಪತ್ರಿಕೆಗಳಲ್ಲೆಲ್ಲ ಬಂತು. ನಾವು ಆಕ್ಸಿಡೆಂಟ್ ಮಾಡಿಕೊಳ್ಳುತ್ತೇವೆ ಅಂತ ಯಾರ್ಯಾರಿಗೆ ಅನಿಸುತ್ತದೋ ಅವರು ಕೈ ಎತ್ತಿ ಎಂದು ಆ ತಾಯಿ ಕಾರು ಓಡಿಸುತ್ತಲೇ ಕೇಳಿದ್ದರಂತೆ. ಈ ಮಾತನ್ನು ಇಲ್ಲಿ ಹೇಳುವುದಕ್ಕೆ ಕಾರಣ ಇದೆ. ಶಿಕ್ಷೆ ಜಾಸ್ತಿ ಮಾಡಿದರೆ ಜನ ಹೆದರುತ್ತಾರೆ ಅನ್ನುವ ವಾದ ಒಂದು ನಂಬಿಕೆಯ ಮೇಲೆ ನಿಂತಿದೆ. ಗಾಡಿ ಹತ್ತುವಾಗ ಮನುಷ್ಯ ಕೂಡಿಸಿ ಕಳೆದು ಲೆಕ್ಕ ಹಾಕುತ್ತಾನೆ ಅನ್ನುವ ನಂಬಿಕೆ ಅದು. ಕುಡಿದಾಗ ಮೊದಲು ಕೈಕೊಡುವುದೇ ಆ ಲೆಕ್ಕ. ಅಪಾಯ ಇದೆ ಅನ್ನುವುದು ಆ ಕಾರಿನೊಳಗೆ ಮಾತಾಗಿ ಹೊರಗೆ ಬಂದಿತ್ತು. ಆದರೂ ಕಾರು ನಿಲ್ಲಲಿಲ್ಲ.

ಬೇಸಿಗೆಯಲ್ಲೇ ಶುರುವಾಗಿತ್ತು

ಲಿಯಾಂಡ್ರಾ ಸಾಯುವ ಎರಡೂವರೆ ತಿಂಗಳ ಮುಂಚೆ, ಜುಲೈ 26ರಂದು, ಅದೇ ರಾಜ್ಯದ ವೆಸ್ಟ್‌ಚೆಸ್ಟರ್ ಕೌಂಟಿಯಲ್ಲಿ ಇನ್ನೂ ದೊಡ್ಡ ದುರಂತ ಆಗಿತ್ತು. ಟಕಾನಿಕ್ ಸ್ಟೇಟ್ ಪಾರ್ಕ್‌ವೇ ಮೇಲೆ ಒಂದು ಮಿನಿವ್ಯಾನ್ ಎದುರು ದಿಕ್ಕಿನಲ್ಲಿ ಮೈಲಿಗಿಂತ ಜಾಸ್ತಿ ದೂರ ನುಗ್ಗಿ ಎದುರಿನ ಎಸ್‌ಯುವಿಗೆ ಗುದ್ದಿತು. ಓಡಿಸುತ್ತಿದ್ದ ಮಹಿಳೆ, ಅವರ ಮಗಳು, ಅಣ್ಣನ ಮೂವರು ಹೆಣ್ಣುಮಕ್ಕಳು, ಎದುರು ಗಾಡಿಯ ಮೂವರು ಗಂಡಸರು, ಒಟ್ಟು ಎಂಟು ಜನ ಸತ್ತರು. ಬದುಕಿದ್ದು ಅವರ ಐದು ವರ್ಷದ ಮಗ ಒಬ್ಬನೇ. ಲ್ಯಾಬ್ ವರದಿ ಪ್ರಕಾರ ಚಾಲಕಿಯ ರಕ್ತದಲ್ಲಿ ಮದ್ಯದ ಅಂಶ ಶೇ. 0.19 ಇತ್ತು, ಗಾಂಜಾದ ಅಂಶವೂ ಇತ್ತು. ಮನೆಯವರು ಅದನ್ನು ಒಪ್ಪಲಿಲ್ಲ. ಚಾಲಕಿಯೇ ಸತ್ತಿದ್ದರಿಂದ ಅವರ ಮೇಲೆ ಕೇಸು ನಡೆಯುವ ಪ್ರಶ್ನೆಯೇ ಬರಲಿಲ್ಲ.

ಆಗ ನ್ಯೂಯಾರ್ಕ್ ಜನರ ಕಣ್ಣಿಗೆ ಒಂದು ವಿಷಯ ಬಿತ್ತು. ಒಬ್ಬರೇ ಕುಡಿದು ಓಡಿಸಿದರೂ ಅಷ್ಟೇ ದರ್ಜೆಯ ಕೇಸು, ಹಿಂದಿನ ಸೀಟಿನಲ್ಲಿ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಓಡಿಸಿದರೂ ಅಷ್ಟೇ. ಅಲ್ಲಿ ಅಪರಾಧಗಳಿಗೆ ಎರಡು ಮುಖ್ಯ ದರ್ಜೆಗಳಿವೆ. ಕೆಳಗಿನದು ಮಿಸ್‌ಡಿಮೀನರ್, ಅಬ್ಬಬ್ಬಾ ಅಂದರೆ ಒಂದು ವರ್ಷ ಸ್ಥಳೀಯ ಜೈಲು. ಮೇಲಿನದು ಫೆಲನಿ, ರಾಜ್ಯದ ಸೆರೆಮನೆ, ಜೊತೆಗೆ ಕೆಲಸಕ್ಕೆ ಅರ್ಜಿ ಹಾಕುವಾಗಲೆಲ್ಲ ಹಿಂಬಾಲಿಸುವ ದಾಖಲೆ. ಮೊದಲ ಸಲ ಕುಡಿದು ಸಿಕ್ಕಿಬಿದ್ದರೆ ಮಿಸ್‌ಡಿಮೀನರ್: 500ರಿಂದ 1,000 ಡಾಲರ್ ದಂಡ, ಕನಿಷ್ಠ ಆರು ತಿಂಗಳು ಲೈಸೆನ್ಸ್ ರದ್ದು. ಹತ್ತು ವರ್ಷದೊಳಗೆ ಎರಡನೇ ಸಲ ಸಿಕ್ಕರೆ ಮಾತ್ರ ಫೆಲನಿ. ಕಾರಿನಲ್ಲಿ ಮಗು ಇದ್ದರೆ ಮಗುವಿನ ಯೋಗಕ್ಷೇಮಕ್ಕೆ ಧಕ್ಕೆ ತಂದರು ಅಂತ ಇನ್ನೊಂದು ಕೇಸು ಸೇರಿಸಬಹುದಿತ್ತು. ಅದೂ ಮಿಸ್‌ಡಿಮೀನರೇ.

ಟಕಾನಿಕ್ ದುರಂತದ ನಂತರವೇ ಮಕ್ಕಳ ರಕ್ಷಣೆಗೊಂದು ಮಸೂದೆಯ ಮಾತು ಹೊರಟಿತ್ತು. ಆದರೆ ಆ ವರ್ಷ ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ ಪರಿಸ್ಥಿತಿ ಸರಿ ಇರಲಿಲ್ಲ. ರಾಜ್ಯ ಸೆನೆಟ್‌ನಲ್ಲಿ ಬಹುಮತ ಯಾರ ಕೈಲಿದೆ ಅನ್ನುವ ಜಗಳದಲ್ಲಿ ಜೂನ್‌ನಿಂದ ಜುಲೈ ತನಕ ಒಂದು ತಿಂಗಳು ಕೆಲಸವೇ ನಿಂತುಹೋಗಿತ್ತು. ಬೊಕ್ಕಸದ ಚಿಂತೆ ಬೇರೆ. ಇಂಥ ಸಮಯದಲ್ಲಿ ಮಸೂದೆಯನ್ನು ಮುಂದಕ್ಕೆ ತಳ್ಳಿದ್ದು ಲಿಯಾಂಡ್ರಾಳ ತಂದೆ. ಮಗಳನ್ನು ಮಣ್ಣು ಮಾಡಿದ ಕೆಲವೇ ದಿನಗಳಲ್ಲಿ ಅವರು ಶಾಸಕರ ಬಾಗಿಲಿಗೆ ಹೋದರು, ಕ್ಯಾಮೆರಾಗಳ ಮುಂದೆ ನಿಂತರು. ರಾಜ್ಯಪಾಲ ಡೇವಿಡ್ ಪ್ಯಾಟರ್ಸನ್ ನವೆಂಬರ್ 18ರಂದು ಸಹಿ ಹಾಕಿದರು. ಹುಡುಗಿ ಸತ್ತು 38 ದಿನಗಳಾಗಿದ್ದವು. ಕಾನೂನಿನ ಅಧಿಕೃತ ಹೆಸರು ಮಕ್ಕಳ ಪ್ರಯಾಣಿಕ ರಕ್ಷಣಾ ಕಾಯ್ದೆ. ಜನ ಕರೆಯುವುದು ಲಿಯಾಂಡ್ರಾ ಕಾನೂನು ಅಂತ.

ಕಾಗದದ ಮೇಲೆ ಏನು ಬಂತು

2009ರ ಡಿಸೆಂಬರ್ 18ರಿಂದ ಮೊದಲ ಭಾಗ ಜಾರಿಯಾಯಿತು. 15 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಗು ಕಾರಿನಲ್ಲಿರುವಾಗ ಕುಡಿದೋ ಅಮಲು ಪದಾರ್ಥ ತೆಗೆದುಕೊಂಡೋ ಓಡಿಸಿದರೆ ಮೊದಲ ಸಲವೇ ಫೆಲನಿ, ನಾಲ್ಕು ವರ್ಷದವರೆಗೆ ಸೆರೆ. ಮಗುವಿಗೆ ಗಂಭೀರ ಗಾಯವಾದರೆ 15 ವರ್ಷದವರೆಗೆ. ಮಗು ಸತ್ತರೆ 25 ವರ್ಷದವರೆಗೆ. ಓಡಿಸಿದವರು ಆ ಮಗುವಿನ ತಂದೆ, ತಾಯಿ ಅಥವಾ ಪೋಷಕರಾಗಿದ್ದರೆ ಮಕ್ಕಳ ಮೇಲಿನ ದೌರ್ಜನ್ಯ ದಾಖಲಿಸುವ ರಾಜ್ಯದ ಕೇಂದ್ರ ರಿಜಿಸ್ಟರಿಗೂ ವರದಿ ಹೋಗಬೇಕು. ಅಪಘಾತ ಆಗಿರಲೇಬೇಕು ಅಂತೇನಿಲ್ಲ. ಸುಮ್ನೆ ಚೆಕ್‌ಪಾಯಿಂಟ್‌ನಲ್ಲಿ ಸಿಕ್ಕರೂ ಸಾಕು.

ಲಿಯಾಂಡ್ರಾಳ ಸಾವಿಗೆ ಕಾರಣರಾದ ಚಾಲಕಿಗೆ ಈ ಕಾನೂನು ಅನ್ವಯವಾಗಲಿಲ್ಲ. ಕಾನೂನು ಬರುವ ಮೊದಲೇ ನಡೆದ ಕೃತ್ಯಕ್ಕೆ ಹೊಸ ಶಿಕ್ಷೆ ಹಾಕುವಂತಿಲ್ಲ. ಅವರು ತಪ್ಪೊಪ್ಪಿಕೊಂಡರು. 2010ರ ಅಕ್ಟೋಬರ್‌ನಲ್ಲಿ ಅವರಿಗೆ 4ರಿಂದ 12 ವರ್ಷದ ಶಿಕ್ಷೆಯಾಯಿತು.

ಸುದ್ದಿಯಲ್ಲಿ ಮೆರೆದದ್ದೆಲ್ಲ ಈ ಮೊದಲ ಭಾಗ. ನಾಲ್ಕು ವರ್ಷ, ಹದಿನೈದು ವರ್ಷ, ಇಪ್ಪತ್ತೈದು ವರ್ಷ. ಹೆಡ್‌ಲೈನ್‌ಗೆ ಹೇಳಿ ಮಾಡಿಸಿದ ಅಂಕಿಗಳು. ನನಗೆ ಈ ಪ್ರಕರಣದಲ್ಲಿ ಮುಖ್ಯ ಅನಿಸುವುದು ಎರಡನೇ ಭಾಗ. ಅದು ಜಾರಿಗೆ ಬಂದದ್ದು 2010ರ ಆಗಸ್ಟ್ 15ರಂದು. ಕುಡಿದು ಓಡಿಸಿದ ಅಪರಾಧ ಸಾಬೀತಾದ ಪ್ರತಿಯೊಬ್ಬರೂ, ಕಾರಿನಲ್ಲಿ ಮಗು ಇರಲಿ ಬಿಡಲಿ, ಮೊದಲ ಸಲ ಆಗಿರಲಿ ಹತ್ತನೇ ಸಲ ಆಗಿರಲಿ, ತಮ್ಮ ಗಾಡಿಗೆ ಇಗ್ನಿಷನ್ ಇಂಟರ್‌ಲಾಕ್ ಹಾಕಿಸಿಕೊಳ್ಳಬೇಕು. ಕನಿಷ್ಠ ಆರು ತಿಂಗಳು.

ಊದದೆ ಸ್ಟಾರ್ಟ್ ಆಗದ ಗಾಡಿ

ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಸ್ಟಿಯರಿಂಗ್ ಹತ್ತಿರ ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಒಂದು ಪೆಟ್ಟಿಗೆ, ಅದಕ್ಕೊಂದು ಊದುವ ಕೊಳವೆ. ಪೊಲೀಸರು ರಸ್ತೆಯಲ್ಲಿ ಊದಿಸುವ ಮೀಟರಿನಂತೆಯೇ ಇದೂ ಉಸಿರಿನಲ್ಲಿರುವ ಮದ್ಯ ಅಳೆಯುತ್ತದೆ. ವ್ಯತ್ಯಾಸ ಇಷ್ಟೇ: ಇದರ ವೈರು ಗಾಡಿಯ ಸ್ಟಾರ್ಟರಿಗೆ ಸೇರಿಕೊಂಡಿರುತ್ತದೆ. ಕೀಲಿ ತಿರುಗಿಸುವ ಮೊದಲು ಊದಬೇಕು. ನ್ಯೂಯಾರ್ಕ್‌ನಲ್ಲಿ ಇದನ್ನು ಶೇ. 0.025ಕ್ಕೆ ಹೊಂದಿಸಿರುತ್ತಾರೆ. ಅಷ್ಟು ತೋರಿಸಿದರೆ ಇಂಜಿನ್ ಏಳುವುದಿಲ್ಲ.

ಬೇರೆ ಯಾರೋ ಊದಿಕೊಟ್ಟರೆ? ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಅದೇ ಅಲ್ವಾ. ಅದಕ್ಕೂ ಒಂದು ದಾರಿ ಇಟ್ಟಿದ್ದಾರೆ. ಗಾಡಿ ಹೊರಟ ಸ್ವಲ್ಪ ಹೊತ್ತಿಗೆ ಯಂತ್ರ ಮತ್ತೆ ಕರೆಯುತ್ತದೆ, ಆಮೇಲೂ ಆಗಾಗ, ಯಾವಾಗ ಅಂತ ಮುಂಚೆ ಗೊತ್ತಾಗದ ಹಾಗೆ. ಊದದಿದ್ದರೆ ಅಥವಾ ಮದ್ಯ ಕಂಡರೆ ಹಾರ್ನ್ ಹೊಡೆದುಕೊಳ್ಳುತ್ತದೆ, ದೀಪ ಮಿನುಗುತ್ತದೆ. ಓಡುತ್ತಿರುವ ಇಂಜಿನ್ನನ್ನು ಮಾತ್ರ ಅದು ನಿಲ್ಲಿಸುವುದಿಲ್ಲ. ಹೆದ್ದಾರಿ ಮಧ್ಯೆ ಗಾಡಿ ನಿಂತರೆ ಅದೇ ಇನ್ನೊಂದು ಅಪಾಯ. ಪ್ರತಿ ಊದಿನ ಲೆಕ್ಕವೂ ಒಳಗೆ ದಾಖಲಾಗುತ್ತದೆ. ಅದನ್ನು ನೋಡಿಕೊಳ್ಳುವುದು ಕೌಂಟಿಯ ಪ್ರೊಬೇಷನ್ ಇಲಾಖೆ (ಜೈಲಿನ ಹೊರಗಿರುವ ಅಪರಾಧಿಗಳ ಮೇಲೆ ಕಣ್ಣಿಡುವವರು) ಅಥವಾ ಕೌಂಟಿ ನೇಮಿಸಿದ ಬೇರೆ ಮೇಲ್ವಿಚಾರಕರು. ಇನ್ನೊಬ್ಬರಿಂದ ಊದಿಸಿದರೆ, ಯಂತ್ರ ಕಿತ್ತರೆ, ಯಂತ್ರ ಇಲ್ಲದ ಗಾಡಿ ಓಡಿಸಿದರೆ ಅದು ಪ್ರತ್ಯೇಕ ಅಪರಾಧ. ಬಾಡಿಗೆ, ಅಳವಡಿಕೆ ಎಲ್ಲ ಅಪರಾಧಿಯ ಜೇಬಿನಿಂದಲೇ. ಕೊಡಲು ಶಕ್ತಿ ಇಲ್ಲದವರು ಆದಾಯದ ವಿವರ ಕೊಟ್ಟು ನ್ಯಾಯಾಲಯದಿಂದ ವಿನಾಯಿತಿ ಕೇಳಬಹುದು.

ಕೆಲಸಕ್ಕೆ ಬರುವ ಯಂತ್ರ ಅನ್ನುವುದರಲ್ಲಿ ಅನುಮಾನ ಬೇಡ. ಅಮೆರಿಕದ ಹಲವು ಅಧ್ಯಯನಗಳನ್ನು ಒಟ್ಟು ನೋಡಿದಾಗ, ಯಂತ್ರ ಗಾಡಿಯಲ್ಲಿ ಇರುವಷ್ಟು ಕಾಲ ಮತ್ತೆ ಕುಡಿದು ಸಿಕ್ಕಿಬೀಳುವುದು ಸುಮಾರು ಮೂರನೇ ಎರಡರಷ್ಟು ಕಡಿಮೆಯಾಗಿದೆ. ತೆಗೆದ ಮೇಲೆ ಆ ಲಾಭ ಕರಗುತ್ತದೆ. ಅಂದರೆ ಈ ಯಂತ್ರ ಯಾರನ್ನೂ ಒಳ್ಳೆಯವರನ್ನಾಗಿ ಮಾಡುವುದಿಲ್ಲ, ಯಾರನ್ನೂ ಹೆದರಿಸುವುದೂ ಇಲ್ಲ. ಕುಡಿದ ಕೈಗೂ ಓಡುವ ಗಾಡಿಗೂ ಮಧ್ಯೆ ಅಡ್ಡ ನಿಲ್ಲುತ್ತದೆ, ಅಷ್ಟೇ. ಜೈಲಿನ ಭಯ ತಲೆಯೊಳಗೆ ಕೆಲಸ ಮಾಡಬೇಕು, ಮತ್ತು ಕುಡಿದ ತಲೆ ಆ ಹೊತ್ತಿಗೆ ಕೆಲಸ ಮಾಡುತ್ತಿರುವುದಿಲ್ಲ. ಯಂತ್ರಕ್ಕೆ ಆ ತಲೆಯ ಒಪ್ಪಿಗೆ ಬೇಕಿಲ್ಲ.

ಕಾರೇ ಇಲ್ಲ ಅಂದವರು

ಇಲ್ಲಿಗೆ ಬಂದು ಕಾನೂನು ಎಡವಿತು.

ನ್ಯಾಯಾಧೀಶರು ಆದೇಶ ಹೊರಡಿಸುತ್ತಾ ಹೋದರು. ಆದರೆ ಆದೇಶ ಆದವರಲ್ಲಿ ನಿಜಕ್ಕೂ ಯಂತ್ರ ಹಾಕಿಸಿಕೊಂಡವರು ಮೊದಲ ವರ್ಷಗಳಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಬ್ಬರು ಮಾತ್ರ. ಉಳಿದವರು ಎಲ್ಲಿ ಹೋದರು? ಆದೇಶದ ಮಾತುಗಳನ್ನೇ ನೋಡಿ: ಅಪರಾಧಿಯ ಒಡೆತನದ ಅಥವಾ ಅವರು ಓಡಿಸುವ ಗಾಡಿಗೆ ಯಂತ್ರ ಹಾಕಿಸಬೇಕು. ನನ್ನ ಹೆಸರಲ್ಲಿ ಗಾಡಿ ಇಲ್ಲ, ಇನ್ನು ಮೇಲೆ ಓಡಿಸುವುದೂ ಇಲ್ಲ ಅಂದರೆ ಹಾಕಿಸುವುದಕ್ಕೆ ಏನೂ ಉಳಿಯಲಿಲ್ಲ. ಗಾಡಿಯನ್ನು ಹೆಂಡತಿ ಹೆಸರಿಗೋ ತಮ್ಮನ ಹೆಸರಿಗೋ ಬರೆದುಕೊಟ್ಟವರಿದ್ದರು, ಆರು ತಿಂಗಳು ಹಾಗೇ ಕಳೆದವರಿದ್ದರು. ನಿಜವಾಗಿ ಗಾಡಿ ಇಲ್ಲದವರೂ ಇದ್ದರು ಅನ್ನಿ. ನ್ಯೂಯಾರ್ಕ್ ನಗರದಲ್ಲಿ ಅದೇನು ಅಪರೂಪವಲ್ಲ. ಆದರೆ ಯಾರು ನಿಜ ಹೇಳುತ್ತಿದ್ದಾರೆ, ಯಾರು ಸುಳ್ಳು ಹೇಳುತ್ತಿದ್ದಾರೆ ಅಂತ ಮನೆ ಮುಂದೆ ಹೋಗಿ ನೋಡುವವರು ಯಾರು?

ಇನ್ನೊಂದು ತೂತು ಇದಕ್ಕಿಂತ ಹಳೆಯದು, ಇದಕ್ಕಿಂತ ದೊಡ್ಡದು. ನ್ಯೂಯಾರ್ಕ್‌ನಲ್ಲಿ ಚಾಲನಾ ಸಾಮರ್ಥ್ಯ ಕುಂದಿದೆ ಅನ್ನುವ ಕೆಳದರ್ಜೆಯ ತಪ್ಪೊಂದಿದೆ. ಅದನ್ನು ಅಪರಾಧ ಅಂತಲೂ ಲೆಕ್ಕ ಹಾಕುವುದಿಲ್ಲ, ಸಂಚಾರ ನಿಯಮದ ಉಲ್ಲಂಘನೆ ಅಷ್ಟೇ. ಮೊದಲ ಸಲಕ್ಕೆ 300ರಿಂದ 500 ಡಾಲರ್ ದಂಡ, 90 ದಿನ ಲೈಸೆನ್ಸ್ ಅಮಾನತು. ಮಗು ಇಲ್ಲದ, ಮೊದಲ ಸಲ ಸಿಕ್ಕ ಎಷ್ಟೋ ಕೇಸುಗಳು ಎರಡೂ ಕಡೆ ವಕೀಲರ ಮಾತುಕತೆಯಲ್ಲಿ ಈ ದರ್ಜೆಗೆ ಇಳಿಯುತ್ತವೆ. ಇದಕ್ಕೆ ಇಂಟರ್‌ಲಾಕ್ ಕಡ್ಡಾಯವಿಲ್ಲ. ಅಂದಮೇಲೆ ಮೇಲಿನ ದರ್ಜೆಯ ಶಿಕ್ಷೆ ಭಾರವಾದಷ್ಟೂ ಕೆಳಗಿನ ದರ್ಜೆಗೆ ಇಳಿಸಿಕೊಳ್ಳುವ ಆಸೆ ಜಾಸ್ತಿಯಾಗುತ್ತದೆ. ಶಿಕ್ಷೆ ಹೆಚ್ಚಿಸುವಾಗ ಶಾಸಕರು ಈ ಕಡೆ ನೋಡುವುದೇ ಇಲ್ಲ ಅನ್ನುವುದು ನನಗೆ ಬೇಸರದ ವಿಷಯ. ಒಂದು ಕಡೆ ಅಣೆಕಟ್ಟೆ ಎತ್ತರಿಸಿದರೆ ನೀರು ಪಕ್ಕದ ತಗ್ಗು ಹುಡುಕುತ್ತದೆ.

2013ರಲ್ಲಿ ರಾಜ್ಯ ಮೊದಲ ತೂತಿಗೆ ತೇಪೆ ಹಾಕಿತು. ರಾಜ್ಯಪಾಲ ಆಂಡ್ರ್ಯೂ ಕ್ಯೂಮೊ ಸಹಿ ಹಾಕಿದ ತಿದ್ದುಪಡಿ ಆ ವರ್ಷದ ನವೆಂಬರ್ 1ರಿಂದ ಜಾರಿಯಾಯಿತು. ಯಂತ್ರ ಹಾಕಿಸುವುದಿಲ್ಲ ಅನ್ನುವವರು ನನ್ನ ಬಳಿ ಗಾಡಿ ಇಲ್ಲ, ಓಡಿಸುವುದೂ ಇಲ್ಲ ಅಂತ ಪ್ರಮಾಣ ಮಾಡಿ ಬರೆದುಕೊಡಬೇಕು. ಸುಳ್ಳಾದರೆ ಅದೇ ಇನ್ನೊಂದು ಕೇಸು. ಅವಧಿ ಆರು ತಿಂಗಳಿಂದ ಒಂದು ವರ್ಷಕ್ಕೆ ಏರಿತು. ಆದರೆ ಯಂತ್ರ ಹಾಕಿಸಿಕೊಂಡು ಆರು ತಿಂಗಳು ಸರಿಯಾಗಿ ಇಟ್ಟುಕೊಂಡವರಿಗೆ ಅದನ್ನು ಬೇಗ ತೆಗೆಸುವ ಅವಕಾಶ ಸಿಕ್ಕಿತು. ಈ ಕೊನೆಯ ಅಂಶ ನನಗೆ ತುಂಬಾ ಹಿಡಿಸಿತು. ಹಾಕಿಸಿಕೊಳ್ಳದೆ ಕಾಯುವವನಿಗೆ ಒಂದು ವರ್ಷ, ಹಾಕಿಸಿಕೊಂಡವನಿಗೆ ಆರು ತಿಂಗಳು. ಶಿಕ್ಷೆಯ ಭಾರ ತಪ್ಪಿಸಿಕೊಳ್ಳುವವನ ಕಡೆ ಸರಿಯಿತು. ಲೈಸೆನ್ಸ್ ಕಳೆದುಕೊಂಡವರಿಗೆ ಸೀಮಿತ ಓಡಾಟಕ್ಕೆ ಅಂತ ಕೊಡುವ ಷರತ್ತಿನ ಲೈಸೆನ್ಸ್ ಇಟ್ಟುಕೊಂಡು ಮತ್ತೆ ಕುಡಿದು ಓಡಿಸುವುದೂ ಫೆಲನಿ ಆಯಿತು. ವಕೀಲರ ಮಾತುಕತೆಯಲ್ಲಿ ಕೆಳಗಿಳಿಯುವ ಎರಡನೇ ತೂತು ಮಾತ್ರ ಹಾಗೇ ಉಳಿಯಿತು.

ಪಕ್ಕದ ನ್ಯೂಜೆರ್ಸಿ ಇದೇ ಗಂಟನ್ನು ಬೇರೆ ಥರ ಬಿಡಿಸಿತು. 2019ರ ಡಿಸೆಂಬರ್ 1ರಿಂದ ಅಲ್ಲಿನ ನಿಯಮ ಹೀಗಿದೆ: ಮದ್ಯದ ಅಂಶ 0.08ರಿಂದ 0.10ರ ಒಳಗಿದ್ದು ಮೊದಲ ಸಲ ಸಿಕ್ಕಿದ್ದರೆ, ಯಂತ್ರ ಹಾಕಿಸುವ ತನಕ ಲೈಸೆನ್ಸ್ ಇಲ್ಲ. ಹಾಕಿಸಿದ ದಿನ ಓಡಿಸುವ ಹಕ್ಕು ವಾಪಸ್, ಆಮೇಲೆ ಮೂರು ತಿಂಗಳು ಯಂತ್ರದ ಜೊತೆ. ಗಾಡಿ ಇಲ್ಲ ಅಂತ ಸುಳ್ಳು ಹೇಳಿದರೆ ಹೇಳಿದವನಿಗೇ ನಷ್ಟ. ಅಲ್ಲಿ ಕುಡಿದು ಓಡಿಸುವುದನ್ನು ಮೊದಲಿಂದಲೂ ಸಂಚಾರ ಉಲ್ಲಂಘನೆ ಅಂತಲೇ ಪರಿಗಣಿಸುತ್ತಾರೆ, ನ್ಯೂಯಾರ್ಕ್‌ನಂತೆ ಅಪರಾಧದ ಹಣೆಪಟ್ಟಿ ಇಲ್ಲ. ಆದರೂ ಯಂತ್ರವನ್ನು ಗಾಡಿಯೊಳಗೆ ತರುವ ವಿಷಯದಲ್ಲಿ ಈ ಮೆತ್ತಗಿನ ಕಾನೂನು ಜಾಣತನದ್ದು ಅನ್ನುವುದು ನನ್ನ ಅಭಿಪ್ರಾಯ.

ಹಾಗಾದರೆ ಫೆಲನಿ ಬೇಡವಾಗಿತ್ತಾ?

ಬೇಕಿತ್ತು. ಮಗು ಕಾರಿನಲ್ಲಿ ತಾನಾಗಿ ಬಂದು ಕೂರುವುದಿಲ್ಲ, ದೊಡ್ಡವರು ಕೂರಿಸುತ್ತಾರೆ. ನೀವು ಕುಡಿದಿದ್ದೀರಿ, ನಾನು ಬರಲ್ಲ ಅನ್ನುವ ಧೈರ್ಯ ಹನ್ನೊಂದು ವರ್ಷದ ಹುಡುಗಿಗೆ ಎಲ್ಲಿಂದ ಬರಬೇಕು, ಅದೂ ಗೆಳತಿಯ ಅಮ್ಮನ ಎದುರು? ಆ ಮಗುವಿನ ಪರವಾಗಿ ಕಾನೂನು ಗಟ್ಟಿಯಾಗಿ ಮಾತಾಡಬೇಕು. ಲಿಯಾಂಡ್ರಾ ಕಾನೂನಿನ ಮೊದಲ ಭಾಗ ಅದನ್ನು ಮಾಡಿದೆ. ಮಕ್ಕಳಿದ್ದ ಕಾರಿನಲ್ಲಿ ಕುಡಿದು ಸಿಕ್ಕಿಬಿದ್ದವರನ್ನು ನ್ಯೂಯಾರ್ಕ್‌ನ ಪೊಲೀಸರು ಈಗ ಈ ಕಾನೂನಿನ ಹೆಸರಲ್ಲೇ ಬಂಧಿಸುತ್ತಾರೆ, ಪತ್ರಿಕೆಗಳೂ ಹಾಗೇ ಬರೆಯುತ್ತವೆ. ಹದಿನೈದು ವರ್ಷಕ್ಕೂ ಮೇಲಾಯಿತು, ಹುಡುಗಿಯ ಹೆಸರು ಬಳಕೆಯಲ್ಲಿದೆ.

ನನ್ನ ತಕರಾರು ಬೇರೆ. ನಾಲ್ಕು ವರ್ಷ ಅಂತ ಬರೆಯಲು ಒಂದು ಸಾಲು ಸಾಕು, ಅದಕ್ಕೆ ಖರ್ಚಿಲ್ಲ. ಯಂತ್ರ ಹಾಕಿದ್ದಾರಾ ಅಂತ ಮನೆಮನೆಗೆ ಹೋಗಿ ನೋಡಲು ಪ್ರೊಬೇಷನ್ ಇಲಾಖೆಗೆ ಜನ ಬೇಕು, ದುಡ್ಡು ಬೇಕು, ವರ್ಷಗಟ್ಟಲೆ ಬೇಕು. ಚೆಕ್‌ಪಾಯಿಂಟ್ ಹಾಕಲು ಪೊಲೀಸರ ರಾತ್ರಿಗಳು ಬೇಕು. ಶಿಕ್ಷೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಸಿಕ್ಕಿಬೀಳುವುದು ಎಷ್ಟು ಖಚಿತ ಅನ್ನುವುದೇ ಜನರನ್ನು ತಡೆಯುತ್ತದೆ ಅಂತ ಅಪರಾಧಶಾಸ್ತ್ರ ಓದಿದವರು ದಶಕಗಳಿಂದ ಹೇಳುತ್ತಿದ್ದಾರೆ. 38 ದಿನದಲ್ಲಿ ಮೊದಲನೆಯದು ಆಗಿಹೋಯಿತು. ಎರಡನೆಯದಕ್ಕೆ ನಾಲ್ಕು ವರ್ಷದ ನಂತರ ತೇಪೆ ಹಾಕಬೇಕಾಯಿತು.

ಅಲ್ಲಿರುವ ನಮ್ಮವರಿಗೆ, ಇಲ್ಲಿರುವ ನಮಗೆ

ನ್ಯೂಯಾರ್ಕ್, ನ್ಯೂಜೆರ್ಸಿ ಭಾಗದಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ. ವೀಕೆಂಡಿನಲ್ಲಿ ಯಾರದೋ ಮನೆಯಲ್ಲಿ ಊಟ, ಗಂಡಸರ ಕೈಲಿ ಗ್ಲಾಸು, ಮಕ್ಕಳು ಬೇಸ್‌ಮೆಂಟಿನಲ್ಲಿ ಆಟ. ಹನ್ನೊಂದು ಗಂಟೆಗೆ ನಿದ್ದೆಗಣ್ಣಿನ ಮಕ್ಕಳನ್ನು ಹಿಂದಿನ ಸೀಟಿಗೆ ಹಾಕಿಕೊಂಡು ಹೊರಡುವುದು ಮಾಮೂಲಿ. ಅಂಥ ಮನೆಗೆ ನ್ಯೂಯಾರ್ಕ್‌ನಲ್ಲಿ ಈ ಕಾನೂನು ಎರಡು ಕಡೆಯಿಂದ ತಾಗುತ್ತದೆ. ಮೊದಲ ಸಲವೇ ಫೆಲನಿ ಆಗುವುದು ಒಂದು. ಇನ್ನೊಂದು ವೀಸಾ. 2015ರಿಂದ ಅಮೆರಿಕದ ವಿದೇಶಾಂಗ ಇಲಾಖೆ ಕುಡಿದು ಓಡಿಸಿದ ಬಂಧನದ ದಾಖಲೆ ಕಂಡರೆ ಸಾಕು, ತೀರ್ಪಿಗೂ ಕಾಯದೆ ವೀಸಾ ರದ್ದು ಮಾಡಬಹುದು. ಎಚ್-1ಬಿಯಲ್ಲಿ ಇರುವವರು ಮುಂದಿನ ಸಲ ಊರಿಗೆ ಬಂದರೆ ವಾಪಸ್ ಹೋಗಲು ಹೊಸ ವೀಸಾ ಮಾಡಿಸಬೇಕು, ಮತ್ತೆ ವೈದ್ಯಕೀಯ ತಪಾಸಣೆಗೂ ಹೋಗಬೇಕಾಗಬಹುದು. ಎಷ್ಟೋ ಮನೆಯ ಸಾಲ, ಮಕ್ಕಳ ಶಾಲೆ ಎಲ್ಲ ಆ ಒಂದು ಸ್ಟಾಂಪಿನ ಮೇಲೆ ನಿಂತಿರುತ್ತದೆ. ಹೊರಡುವ ಮುಂಚೆ ಗಂಡ ಹೆಂಡತಿ ಒಂದು ಮಾತು ಮಾಡಿಕೊಳ್ಳಿ, ಇವತ್ತು ಓಡಿಸುವವರು ಯಾರು ಅಂತ.

ಇನ್ನು ನಮ್ಮ ಕಡೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕರೆ ಎರಡು ವರ್ಷದವರೆಗೆ ಸೆರೆ ಅಥವಾ 15,000 ದಂಡ, ಅಥವಾ ಎರಡೂ. 2019ರ ಸೆಪ್ಟೆಂಬರ್‌ಗೆ ಮುಂಚೆ ಮೊದಲ ಸಲದ ದಂಡ 2,000ವರೆಗೆ ಇತ್ತು. ಮಿತಿಯ ವಿಷಯದಲ್ಲಿ ನಾವು ನ್ಯೂಯಾರ್ಕ್‌ಗಿಂತ ಎಷ್ಟೋ ಬಿಗಿ. ಆದರೆ ಗಾಡಿಯಲ್ಲಿ ಮಗು ಇತ್ತಾ ಅಂತ ಆ ಸೆಕ್ಷನ್ ಕೇಳುವುದೇ ಇಲ್ಲ. ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಸೀಟ್ ಬೆಲ್ಟ್ ಹಾಕದಿದ್ದರೆ ಬೇರೆ ದಂಡ ಇದೆ. ಕುಡಿದು ಆ ಮಗುವನ್ನು ಕರೆದೊಯ್ದರೆ ಬೇರೆ ಏನೂ ಇಲ್ಲ.

ಇದು ಬರೀ ಪುಸ್ತಕದ ಪ್ರಶ್ನೆ ಅಂದುಕೊಳ್ಳಬೇಡಿ. ಬೆಂಗಳೂರು ಸಂಚಾರ ಪೊಲೀಸರು ಬೆಳಗ್ಗೆ ಹೊತ್ತು ಶಾಲಾ ಬಸ್ಸು, ವ್ಯಾನುಗಳನ್ನು ನಿಲ್ಲಿಸಿ ಚಾಲಕರಿಂದ ಊದಿಸಿ ನೋಡಿದಾಗ ಕುಡಿದವರು ಸಿಕ್ಕ ಸುದ್ದಿ 2024ರಲ್ಲಿ ಒಂದಕ್ಕಿಂತ ಹೆಚ್ಚು ಸಲ ಬಂತು. ಬೆಳಗ್ಗೆ ಎಂಟು ಗಂಟೆ, ಯೂನಿಫಾರ್ಮ್ ಹಾಕಿದ ಮಕ್ಕಳು, ರಾತ್ರಿಯ ಅಮಲು ಇಳಿಯದ ಚಾಲಕ. 185ನೇ ಸೆಕ್ಷನ್ನಿಗೆ ಆತನೂ, ಒಬ್ಬನೇ ಬೈಕಿನಲ್ಲಿ ಮನೆಗೆ ಹೋಗುತ್ತಿದ್ದವನೂ ಒಂದೇ.

ಇಲ್ಲಿಯೂ ಮಗು ಇದ್ದರೆ ಶಿಕ್ಷೆ ಜಾಸ್ತಿ ಮಾಡಿ ಅಂತ ನಾವು ಕೇಳಬೇಕು, ನಾನೂ ಕೇಳುತ್ತೇನೆ. ಆದರೆ ಮೊದಲು ಕೇಳಬೇಕಾದ್ದು ಇನ್ನೊಂದಿದೆ. ಶಾಲೆಯ ಪ್ರತಿ ಬಸ್ಸಿಗೂ, ವ್ಯಾನಿಗೂ ಇಂಟರ್‌ಲಾಕ್ ಹಾಕಿಸಿ. ಈ ಗಾಡಿಗಳ ಒಡೆಯರು ಯಾರು ಅನ್ನುವುದು ಆರ್‌ಟಿಒ ಕಡತದಲ್ಲೇ ಇದೆ, ಎಫ್‌ಸಿಗೆ (ಗಾಡಿ ಓಡಲು ಯೋಗ್ಯ ಅನ್ನುವ ಪತ್ರಕ್ಕೆ) ಅಂತ ಅವು ಆರ್‌ಟಿಒ ಮುಂದೆ ಬಂದು ನಿಲ್ಲಲೇಬೇಕು. ಯಂತ್ರ ಇಲ್ಲದಿದ್ದರೆ ಎಫ್‌ಸಿ ಇಲ್ಲ ಅಂದರಾಯಿತು. ನ್ಯೂಯಾರ್ಕ್‌ನವರು ಗಾಡಿ ಎಲ್ಲಿದೆ ಅಂತ ಹುಡುಕಿ ಸುಸ್ತಾದ ಕಡೆ ನಮಗೆ ಗಾಡಿಯೇ ಬಾಗಿಲಿಗೆ ಬರುತ್ತದೆ. ಮುಂದಿನ ಪೋಷಕರ ಸಭೆಯಲ್ಲಿ ಯಾರಾದರೂ ಎದ್ದು ನಿಂತು ಇದನ್ನು ಕೇಳಿ. ನಮ್ಮ ಬಸ್ಸಿನ ಡ್ರೈವರ್ ಬೆಳಗ್ಗೆ ಊದಿದ್ದು ಯಾರ ಎದುರು, ಅದನ್ನು ಯಾವ ಪುಸ್ತಕದಲ್ಲಿ ಬರೆದಿಟ್ಟಿದ್ದೀರಿ, ತೋರಿಸಿ ಅನ್ನಿ.